ಮಿರಜ ಸ್ಟೇಷನ್ನಿನಲ್ಲಿ ನಾನು ಬಿಟ್ಟು ಬಂದವಳು

ಗೋದಕ್ಕ ರೈಲು ತಪ್ಪಿಸಿಕೊಳ್ಳಲಿಲ್ಲ. ನಾನು ಆಕೆಯನ್ನು ಬಿಟ್ಟು ಬಂದೆ. ಬೇಕೆಂದೇ ಬಿಟ್ಟು ಬಂದೆ—ಆಕೆ ಓಡಿ ಬರುತ್ತಿರುವುದನ್ನು ಕಣ್ಣಾರೆ ನೋಡಿ, ಮುಖ ತಿರುವಿ ಕುಳಿತೆ. ಅರವತ್ತು ವರ್ಷಕ್ಕೂ ಮೇಲಾಯಿತು. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡೇ ಉಂಡೆ, ಉಟ್ಟೆ, ಮಕ್ಕಳನ್ನು ಹೆತ್ತೆ, ಮೊಮ್ಮಕ್ಕಳನ್ನು ಆಡಿಸಿದೆ. ಇನ್ನು ನುಂಗಲಾರೆ.

ಈಗ ಯಾಕೆ ಬಾಯಿಬಿಟ್ಟಿರಿ ಎಂದು ಕೇಳಿದರೆ—ಸಂತೋಷ ಹೆಚ್ಚಾಗಿ. ನಗಬೇಡಿ, ಖರೇ ಹೇಳುತ್ತಿದ್ದೇನೆ.

ನನ್ನ ಮೊಮ್ಮಗಳು ಸ್ಫೂರ್ತಿ ಒಬ್ಬಳೇ ಯುರೋಪಿಗೆ ಹೋಗಿ, ದೇಶದಿಂದ ದೇಶಕ್ಕೆ ರೈಲಿನಲ್ಲಿ ತಿರುಗಿ ಬಂದಳು. ಬೆನ್ನಿಗೊಂದು ಚೀಲ, ಕೈಯಲ್ಲಿ ಗಾಲಿ ಇರುವ ಇನ್ನೊಂದು. ಟಿಕೀಟೆಲ್ಲ ಆಕೆಯ ಫೋನಿನೊಳಗೇ! ಯಾವ ಗಾಡಿ ಎಲ್ಲಿ ಬಿಡಬೇಕು, ಯಾವುದನ್ನು ಎಲ್ಲಿ ಹಿಡಿಯಬೇಕು, ಎಲ್ಲ ಆಕೆಯದೇ ಲೆಕ್ಕ. ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳ ಮೊಮ್ಮಗಳು! ಓಣಿಯ ಹೆಂಗಸರನ್ನೆಲ್ಲ ಕರೆದು ಕೂಡಿಸಿ, ಹೋಳಿಗೆ ಮಾಡಿ ಹಾಕಿ, ‘ಹೇಳು, ಮೊದಲಿಂದ ಹೇಳು’ ಎಂದು ಆಕೆಯನ್ನು ನಡುವೆ ಕೂಡಿಸಿದೆ. ನನ್ನ ನಾಲಿಗೆ ಹೊರಳದ ಊರುಗಳ ಹೆಸರನ್ನೆಲ್ಲ ಆಕೆಯ ಬಾಯಿಂದ ಕೇಳುತ್ತಿದ್ದರೆ ನನಗೇ ರೆಕ್ಕೆ ಬಂದ ಹಾಗೆ ಆಗುತ್ತಿತ್ತು.

ಒಂದು ಊರಿನಲ್ಲಿ ಮೊದಲನೆಯ ಗಾಡಿ ತಡವಾಗಿ, ಮುಂದಿನ ಗಾಡಿ ಕೈತಪ್ಪಿತಂತೆ. ಪರದೇಶ, ಪರಭಾಷೆ. ನಾನು ಮುಂದಕ್ಕೆ ಜರುಗಿ ಕೇಳಿದೆ.

“ಮತ್ತ ಏನು ಮಾಡಿದೆವಾ?”

“ಏನ್ ಮಾಡೋದಜ್ಜಿ, ಚೀಲದ ಮ್ಯಾಲೆ ಕೂತೆ. ಬಾಜೂಕ ಒಬ್ಬಾಕಿ ಮುದುಕಿ ಇದ್ದಳು, ಬ್ರೆಡ್ ಕೊಟ್ಟಳು, ತಿಂದೆ. ಮುಂದಿನ ಗಾಡಿಗೆ ಹೋದೆ.”

ಎಲ್ಲರೂ ನಕ್ಕರು. ಬೈಲಹೊಂಗಲದಿಂದ ಆಕೆಯನ್ನು ನೋಡಲೆಂದೇ ಬಂದಿದ್ದ ನನ್ನ ಮೈದುನ ವಾಮನ ಎಲ್ಲರಿಗಿಂತ ಜೋರಾಗಿ ನಕ್ಕ. “ನಮ್ಮ ಮನ್ಯಾಗ ಇನ್ನೊಬ್ಬಾಕಿ ಗೋದಕ್ಕ ಹುಟ್ಯಾಳ ನೋಡ್ರಿ, ವೈನಿ!” ಎಂದ.

ಇದು ನಮ್ಮ ಮನೆಯ ಗಾದೆ. ಯಾರಾದರೂ ಹೊರಡಲು ತಡಮಾಡಿದರೆ, ಛತ್ರಿ ಮರೆತರೆ, ಬಸ್ಸು ತಪ್ಪಿಸಿಕೊಂಡರೆ—‘ಗೋದಕ್ಕನಂಗ ಮಾಡಬ್ಯಾಡ.’ ನನ್ನ ಮಕ್ಕಳಿಗೆ ಅದನ್ನು ಕಲಿಸಿದವಳು ನಾನೇ. ಬರೆಯುತ್ತಿದ್ದರೆ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸುತ್ತದೆ—ನಾನೇ ಕಲಿಸಿದೆ.

ಸ್ಫೂರ್ತಿ ನನ್ನ ಕಡೆ ತಿರುಗಿ ಕೇಳಿದಳು: “ಅಜ್ಜಿ, ಗೋದಕ್ಕ ಅನ್ನಾಕಿ ಖರೇನ ಇದ್ದಳೇನು? ನಾ ಬರೇ ಗಾದಿಮಾತು ಅಂತ ತಿಳಿದಿದ್ದೆ.”

ನಾನು ಎದ್ದು ಒಳಗೆ ಹೋದೆ. ಉಕ್ಕಿದ ಹಾಲು ಒಲೆಗೆ ಬಿದ್ದರೆ ಹೇಗೆ ಕಮಟು ವಾಸನೆ ಏಳುತ್ತದೆ, ಹಾಗೆ ಎದ್ದಿತು ಎದೆಯೊಳಗೆ. ಸಿಟ್ಟು. ವಾಮನನ ಮೇಲೆ, ನಕ್ಕವರ ಮೇಲೆ, ತೀರಿಹೋದ ಮಾವನವರ ಮೇಲೆ—ಅವರೆಲ್ಲರನ್ನೂ ದಾಟಿ ನನ್ನ ಮೇಲೆ.

ಖರೇನ ಇದ್ದಳವ್ವ. ಹೇಳುತ್ತೇನೆ, ಕೇಳು.

ಗೋದಕ್ಕ ನನ್ನ ಯಜಮಾನರ ಅಕ್ಕ. ಬಾಲ್ಯದಲ್ಲೇ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವುದರೊಳಗೆ ವಿಧವೆಯಾಗಿ, ಮುನವಳ್ಳಿಗೆ ತವರಿಗೆ ಬಂದವಳು. ತಲೆ ಬೋಳಿಸಿದ್ದರು. ಕೆಂಪು ಸೀರೆ. ಶುಭ ಕಾರ್ಯಕ್ಕೆ ಎದುರು ಬರಬಾರದು, ಹಬ್ಬಕ್ಕೆ ಮುಂದೆ ಕೂಡಬಾರದು. ಆ ಮನೆಯಲ್ಲಿ ಆಕೆಗೆಂದು ಇದ್ದದ್ದು ಒಂದೇ—ಅಡಿಗೆಮನೆ. ಮಡಿಯಲ್ಲಿ ಆಕೆ ಮಾಡಿದ ಅಡಿಗೆಯೇ ದೇವರಿಗೆ ನೈವೇದ್ಯ. ಅಲ್ಲಿ ಆಕೆಯದು ರಾಜ್ಯಭಾರ. ಮಾವನವರಂಥ ಮಾವನವರೂ ಹೊಸ್ತಿಲ ಹೊರಗೇ ನಿಂತು ‘ಗೋದೀ, ಆತೇನವಾ?’ ಎಂದು ಕೇಳಬೇಕು. ‘ಆದಾಗ ಕರೀತೀನಿ, ಹೋಗಿ ಕೂಡ್ರಿ’ ಎಂದು ಆಕೆ ಗದರಬೇಕು. ಬಾಯಿ ಜೋರು. ಕೈ ಅದಕ್ಕಿಂತ ಚುರುಕು.

ಕನ್ನಡನಾಡು ಇನ್ನೂ ಒಂದಾಗಿರಲಿಲ್ಲ, ನಾವು ಮುಂಬಯಿ ಇಲಾಖೆಯವರು. ನನಗೆ ಹದಿನಾರು. ರಾಮದುರ್ಗದ ತವರು ಬಿಟ್ಟು ಬಂದು ಬಹಳ ದಿನವಾಗಿರಲಿಲ್ಲ. ಆ ವರ್ಷ ಮಾವನವರು ಪಂಢರಪುರಕ್ಕೆ ಹೊರಟರು. ನನ್ನ ಯಜಮಾನರು ಕಿತ್ತೂರಿನಲ್ಲಿ ಮಾಸ್ತರರು, ರಜೆ ಸಿಗಲಿಲ್ಲ. ಅತ್ತೆಯವರಿಗೆ ಮೊಣಕಾಲು ನೋವು. ಹೀಗಾಗಿ ಮಾವನವರು, ಸಾಮಾನು ಹೊರಲು ವಾಮನ—ಅವನು ನನಗಿಂತ ಒಂದು ವರ್ಷ ಸಣ್ಣವ—ಅಡಿಗೆಗೆ ಗೋದಕ್ಕ, ಗೋದಕ್ಕನ ಕೈಕೆಳಗೆ ನಾನು. ಧಾರವಾಡದವರೆಗೆ ಮೋಟಾರು, ಅಲ್ಲಿಂದ ಮಿರಜಿನವರೆಗೆ ರೈಲು, ಮಿರಜಿನಲ್ಲಿ ಇಳಿದು ಪಂಢರಪುರದ ಸಣ್ಣ ಗಾಡಿ ಹಿಡಿಯಬೇಕು. ಟಿಕೀಟುಗಳು ಮಾವನವರ ಸೊಂಟದ ಸಂಚಿಯಲ್ಲಿ. ಹೆಣ್ಣುಮಕ್ಕಳ ಕೈಗೆ ಟಿಕೀಟು ಕೊಡುವುದೆಂದರೇನು! ನಾವೂ ಟ್ರಂಕಿನ ಹಾಗೆ, ಹಾಸಿಗೆ ಸುರುಳಿಯ ಹಾಗೆ. ಏರಿಸಬೇಕು, ಇಳಿಸಬೇಕು, ಎಣಿಸಬೇಕು.

ಮಿರಜ ಇನ್ನೇನು ಬಂತು ಅನ್ನುವಾಗ, ಹೆಂಗಸರ ಡಬ್ಬಿಯಲ್ಲಿ ನನಗೆ ಜೋಂಪು ಹತ್ತಿ ನನ್ನ ಮೈಲಿಗೆ ಸೆರಗು ಆಕೆಯ ಮಡಿನೀರಿನ ತಾಮ್ರದ ಕೊಡಕ್ಕೆ ತಾಗಿತು. ಗೋದಕ್ಕ ಎದ್ದವಳೇ ಅಷ್ಟೂ ನೀರನ್ನು ಕಿಟಕಿಯ ಹೊರಗೆ ಸುರುವಿದಳು.

“ಕಣ್ಣು ನೆತ್ತೀ ಮ್ಯಾಲೆ ಇಟಗೊಂಡೀಯೇನ? ನಿಮ್ಮ ರಾಮದುರ್ಗದಾಗ ಮಡಿ ಅಂದ್ರ ತಿನ್ನೋದೋ ಉಡೋದೋ ಅಂತ ಕೇಳತಾರ ಕಾಣಸ್ತದ!”

ಡಬ್ಬಿಯ ಹೆಂಗಸರೆಲ್ಲ ಹೋ ಎಂದು ನಕ್ಕರು. ಪರ ಊರಿನವರ ಮುಂದೆ ನನ್ನ ತವರಿನ ಮಾನ ತೆಗೆದಳಲ್ಲ—ಕಿವಿ ಕಾದುಹೋದವು. ಇಷ್ಟೇ. ಕಾರಣ ಇಷ್ಟೇ ನೋಡಿ. ದೊಡ್ಡದೇನೋ ಇರಬೇಕೆಂದು ಕಾಯುತ್ತಿದ್ದರೆ, ಇಲ್ಲ.

ಮಿರಜಿನಲ್ಲಿ ಉರಿಬಿಸಿಲು. ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಸಾಮಾನೆಲ್ಲ ದಾಟಿದವು. ನಾವಿಬ್ಬರೂ ಹೆಂಗಸರ ಡಬ್ಬಿಯಲ್ಲಿ ಕುಳಿತೆವು. ಗಂಡಸರು ಮುಂದೆಲ್ಲೋ ಇದ್ದರು. ಗೋದಕ್ಕ ಖಾಲಿ ಕೊಡ ಎತ್ತಿಕೊಂಡಳು. ನಳದ ನೀರು ಆಕೆಗೆ ನಡೆಯುವುದಿಲ್ಲ, ಸ್ಟೇಷನ್ನಿನ ಹಿಂದೆ ಬಾವಿ ಇತ್ತು.

“ನಾ ನೀರು ಸೇದಿಕೊಂಡು ಬರತೀನಿ. ವಾಮನ್ಯಾಗ ಕರದು ಹೇಳು—ಅಪ್ಪಾ ಗಾರ್ಡಗ ಒಂದ ಮಾತು ಹೇಳಿಡಲಿ. ಮರೀಬ್ಯಾಡ ಮತ್ತ.”

ಆ ಸಣ್ಣ ಗಾಡಿಯ ಗಾರ್ಡು, ಹೇಳಿದರೆ, ಯಾತ್ರೆಯವರಿಗಾಗಿ ತುಸು ನಿಲ್ಲಿಸುತ್ತಿದ್ದ. ಹೇಳಿದರೆ.

ವಾಮನ ಪೇರಲಹಣ್ಣು ತಿನ್ನುತ್ತ ಕಿಟಕಿಗೇ ಬಂದ. “ವೈನಿ, ಏನರ ಬೇಕೇನು?” ಎಂದ. ನಾನು “ಏನೂ ಬ್ಯಾಡ” ಎಂದೆ. ಬೈಸಿಕೊಳ್ಳಲಿ, ಅಪ್ಪನ ಕೈಲಿ ಆಕೆಯೂ ಒಮ್ಮೆ ನಾಲ್ಕು ಮಂದಿಯ ಮುಂದೆ ಬೈಸಿಕೊಳ್ಳಲಿ—ಅಷ್ಟೇ ಇತ್ತು ಮನಸ್ಸಿನಲ್ಲಿ. ಅಷ್ಟೇ ಇತ್ತೇ? ಈಗ ನನಗೆ ನಂಬಿಕೆಯಿಲ್ಲ.

ಆಮೇಲೆ ಮಾವನವರು ಬಂದರು. ನಮ್ಮಲ್ಲಿ ಸೊಸೆ ಮಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಬೆನ್ನು ಮಾಡಿ ನಿಂತು ಕೇಳಬೇಕು, ನಾನು ಕೈಬಳೆ ಆಡಿಸಬೇಕು. ಬಳೆ ಸಪ್ಪಳವಾದರೆ ಹೌದು. ಸಪ್ಪಳ ಬಾರದಿದ್ದರೆ ಅಲ್ಲ. ಅವರು ಪ್ಲಾಟ್‌ಫಾರ್ಮಿನ ಕಡೆ ಮುಖ ಮಾಡಿ ಕೇಳಿದರು:

“ಸಾಮಾನು ಎಲ್ಲಾ ಬಂದಾವೇನು?”

ಬಳೆ ಆಡಿಸಿದೆ.

“ಗೋದಿ ಬಂದು ಕೂತಾಳೇನು?”

ತಪ್ಪು ಮಾಡಿದ ಎಷ್ಟೋ ಮಂದಿ ‘ನಾನು ಸುಮ್ಮನಿದ್ದುಬಿಟ್ಟೆ, ಅದೇ ನನ್ನ ತಪ್ಪು’ ಅನ್ನುತ್ತಾರೆ. ನನಗೆ ಆ ಮಾತೂ ಇಲ್ಲ. ನಾನು ಸುಮ್ಮನೆ ಕುಳಿತಿದ್ದರೆ ಸಾಕಿತ್ತು! ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರೆ ಮಾವನವರು ಹೌಹಾರಿ ಗಾಡಿ ನಿಲ್ಲಿಸುತ್ತಿದ್ದರು. ನಾನು ಕೈ ಎತ್ತಿದೆ. ಬಳೆ ಆಡಿಸಿದೆ.

ಸೀಟಿ ಊದಿತು. ಗಾಡಿ ಮೆಲ್ಲಗೆ ಸರಿಯಿತು. ಆಗ ಕಂಡಳು—ಕೆಂಪು ಸೀರೆ, ಸೊಂಟದ ಮೇಲೆ ತುಂಬಿದ ಕೊಡ, ಗಾಡಿಯ ಪಕ್ಕಕ್ಕೇ ಓಡಿ ಬರುತ್ತಿದ್ದಳು. ಕೊಡ ಬಿಸುಟಿದ್ದರೆ ಹತ್ತುತ್ತಿದ್ದಳು. ಬಿಸುಡಲಿಲ್ಲ. ದೇವರ ನೀರು. ನನ್ನನ್ನು ನೋಡಿ ಕೈ ಚಾಚಿದಳು. ಒಂದು ಕೂಗು ಹಾಕಿದ್ದರೆ, ಕೈ ಕೊಟ್ಟಿದ್ದರೆ—

ಪಕ್ಕದಲ್ಲಿದ್ದ ಮರಾಠಿ ಹೆಂಗಸು ನನ್ನ ಭುಜ ಅಲುಗಾಡಿಸಿದಳು. “ಅಗ ಪೋರಿ, ತುಝೀ ಬಾಯಿ ರಾಹಿಲೀ ನಾ!” ನಿಮ್ಮಾಕೆ ಅಲ್ಲೇ ಉಳಿದಳಲ್ಲ ಹುಡುಗಿ, ಎಂದು.

ನಾನು ಅಂದೆ: “ಅಕಿ ನಮ್ಮಾಕಿ ಅಲ್ಲ.”

ಬಳೆಯನ್ನು ಹುಡುಗಾಟ ಎನ್ನಿ, ಮೂರ್ಖತನ ಎನ್ನಿ. ಈ ಮಾತಿಗೆ ಏನೆನ್ನುತ್ತೀರಿ? ನನಗಂತೂ ಹೆಸರು ಸಿಕ್ಕಿಲ್ಲ.

ಪಂಢರಪುರದಲ್ಲಿ ಇಳಿದಾಗ ಗದ್ದಲ. ವಾಮನನ ಬಾಯಿಂದ ಮಾವನವರು ನನ್ನನ್ನು ಕೇಳಿಸಿದರು. ಎರಡನೆಯ ಸಲವೂ ಸಾಮಾನಿನ ಮಾತೇ ಕೇಳಿದರೆಂದು ತಿಳಿದು ಬಳೆ ಆಡಿಸಿದೆ, ಅಕ್ಕನ ಹೆಸರು ಕೇಳಿಸಲೇ ಇಲ್ಲ, ಅಕ್ಕ ನನಗೆ ಹೇಳದೆಯೇ ಇಳಿದು ಹೋದಳು ಎಂದೆ. ಎಲ್ಲರೂ ನಂಬಿದರು. ಪಾಪ, ಸಣ್ಣ ಹುಡುಗಿ, ಹೆದರಿದ್ದಾಳೆ ಎಂದು ನನಗೇ ಹಾಲು ಕುಡಿಸಿದರು. ನಾನು ಕುಡಿದೆ.

ವಾಮನ ಮರಳಿ ಮಿರಜಿಗೆ ಹೋಗಿ ಮರುದಿನ ಆಕೆಯನ್ನು ಕರೆತಂದ. ಕೈಯಲ್ಲಿ ಟಿಕೀಟಿಲ್ಲ, ಬೇರೆ ಗಾಡಿ ಹತ್ತುವಂತಿಲ್ಲ, ಅಪ್ಪನ ಸಂಚಿ ಎಲ್ಲಿದೆಯೋ ಅಲ್ಲಿಯವರೆಗೆ ಆಕೆ ಯಾರೂ ಅಲ್ಲ. ರೈಲಿನ ಹಳಿ ಕಾಯುವವನೊಬ್ಬನ ಹೆಂಡತಿ ಆಕೆಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳಂತೆ. ನಾವು ಇಳಿದಿದ್ದ ವಾಡೆಯ ಅಂಗಳದಲ್ಲೇ ಮಾವನವರು ಆಕೆಯನ್ನು ನಿಲ್ಲಿಸಿದರು. ‘ಹೆದರಿದೆಯೇನು’ ಎಂದು ಕೇಳಲಿಲ್ಲ.

“ಯಾರ ಮನ್ಯಾಗ ಇದ್ದಿ? ಅವರದೇನರ ಮುಟ್ಟಿಯೇನು?”

“ಹಸಿವಾಗಿತ್ತು. ಉಂಡೆ,” ಎಂದಳು ಗೋದಕ್ಕ.

ತಲೆ ತಗ್ಗಿಸಲಿಲ್ಲ. ಸುಳ್ಳು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದಳು, ಹೇಳಲಿಲ್ಲ. ಸುಳ್ಳು ಹೇಳುವವಳು ಕಂಬದ ಮರೆಯಲ್ಲಿ ನಿಂತಿದ್ದೆನಲ್ಲ, ನಾನು. ಆಕೆ ನನ್ನ ಕಡೆ ತಿರುಗಿದಳು.

“ಹೇಳಲೇ. ಹೇಳಿ ಹೋಗಿದ್ದಿಲ್ಲೇನ ನಾ ನಿನಗ?”

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಹಂಗಾದ್ರ ಇನ್ನ ಒಲೀ ಮುಟ್ಟಬ್ಯಾಡ,” ಎಂದರು ಮಾವನವರು.

ಮುಗಿಯಿತು. ಪ್ರಾಯಶ್ಚಿತ್ತ ಮಾಡಿಸಿದರು, ಪಂಚಗವ್ಯ ಕುಡಿಸಿದರು, ಆದರೂ ಅಡಿಗೆಮನೆ ಮರಳಿ ಬರಲಿಲ್ಲ. ಆ ಅಡಿಗೆಮನೆ ಯಾರ ಕೈಗೆ ಬಂತು? ನನ್ನ ಕೈಗೆ. ಹದಿನಾರು ವರ್ಷದ ಹೆಣ್ಣು ಮನೆಯ ಒಲೆಗೆ ಒಡತಿಯಾದೆ, ಊರೆಲ್ಲ ಹೊಗಳಿತು. ಗೋದಕ್ಕ ಹಿತ್ತಿಲ ಪಡಸಾಲೆಯ ಮೂಲೆಯಲ್ಲಿ ಕುಳಿತು ಕಾಳು ಆರಿಸಿದಳು, ಹತ್ತಿ ಬಿಡಿಸಿದಳು. ನಾನು ತಾಟಿನಲ್ಲಿ ಹಾಕಿ ಇಟ್ಟದ್ದನ್ನು ಉಂಡಳು. ಸಾರು ಸೀದರೆ ಮೂಲೆಯಿಂದಲೇ ಒದರುತ್ತಿದ್ದಳು: “ಹೊತ್ತಿಸು, ಹೊತ್ತಿಸು! ಮಂದೀ ಮನಿ ಹೊತ್ತಿಸಿ ರೂಢಿ ಅದ ನಿನಗ!” ಮನೆಯವರು ‘ಮುದುಕಿಗೆ ತಲೆ ಕೆಟ್ಟದ’ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ—ಆಕೆ ಹೇಳುತ್ತಿದ್ದುದು ಅಕ್ಷರಶಃ ನಿಜವೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದೂ. ನನ್ನ ಹಿರಿಯ ಮಗ ಸಾಲಿಗೆ ಹೋಗುವ ಹೊತ್ತಿಗೆ ಆಕೆ ತೀರಿಹೋದಳು. ಕೊನೆಗೆ ಬಾಯಿಗೆ ನೀರು ಬಿಟ್ಟವಳೂ ನಾನೇ. ಆಗಲೂ ಹೇಳಲಿಲ್ಲ. ಕಿವಿ ಹತ್ತಿರವೇ ಇತ್ತು, ಬೇರೆ ಯಾರೂ ಇರಲಿಲ್ಲ, ಹೇಳಬಹುದಿತ್ತು—

ಅಂದು ರಾತ್ರಿಯೇ ಸ್ಫೂರ್ತಿಗೆ ಇದನ್ನೆಲ್ಲ ಹೇಳಿದೆ. ಆಕೆ ಅತ್ತಳು. ನನ್ನನ್ನು ಅಪ್ಪಿಕೊಳ್ಳಲಿಲ್ಲ. ಸರಿಯಾಯಿತು.

ಮೊನ್ನೆ ಬೈಲಹೊಂಗಲಕ್ಕೆ ಹೋಗಿ ವಾಮನನ ಮುಂದೆ ಕುಳಿತೆ. ಕರೆತರಲು ಹೋದವನು ಅವನು, ಅಕ್ಕನ ಹೆಸರನ್ನು ಗಾದೆ ಮಾಡಿದವನೂ ಅವನೇ. ಪೇರಲಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಎದ್ದು ನಿಂತು ಬೈಯುತ್ತಾನೆ, ಮನೆಯಿಂದ ಹೊರಗೆ ಹಾಕುತ್ತಾನೆ ಎಂದು ಗಟ್ಟಿಯಾಗಿ ಕುಳಿತಿದ್ದೆ. ಅವನು ಚಹಾದ ಕಪ್ಪು ನನ್ನ ಕಡೆ ಸರಿಸಿದ.

“ಇರ್ಲಿ ಬಿಡ್ರಿ ವೈನಿ. ಯಾವ ಕಾಲದ್ದೋ ಏನೋ. ನೀವರ ಎಷ್ಟು ಸಣ್ಣಾಕಿ ಇದ್ರಿ ಆವಾಗ.”

ನನಗೆ ಮೈಯೆಲ್ಲ ಉರಿಯಿತು. ಅಂಗಳದಲ್ಲಿ ಆಕೆಯನ್ನು ನಿಲ್ಲಿಸಿದಾಗ ಇಷ್ಟು ಮೆತ್ತಗಿನ ಮಾತು ಯಾವನ ಬಾಯಲ್ಲೂ ಇರಲಿಲ್ಲ!

“ಅಕಿ ಎಷ್ಟು ದೊಡ್ಡಾಕಿ ಇದ್ದಳೋ ವಾಮನ್ಯಾ?” ಎಂದೆ. “ಮುದುಕಿ ಮುದುಕಿ ಅಂದ್ವಿ ಎಲ್ಲಾರೂ. ನನಗಿಂತ ಎಂಟು ವರ್ಷಕ್ಕ ದೊಡ್ಡಾಕಿ. ಇಪ್ಪತ್ನಾಲ್ಕು. ಅಕೀಗೆ ಯಾರರ ಅಂದ್ರೇನು, ಸಣ್ಣಾಕಿ ಇದ್ದಾಳ ಇರ್ಲಿ ಬಿಡ್ರಿ ಅಂತ?”

ಅವನು ಗೋಡೆಯ ಕಡೆ ನೋಡಿದ. ಅವನಿಗದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಮುಖ ಮೆಲ್ಲಗೆ ಕುಸಿಯಿತು. ನಾನು ಅವನನ್ನು ಸಮಾಧಾನ ಮಾಡಲಿಲ್ಲ. ಚಹಾ ಕುಡಿಯಲಿಲ್ಲ. ನನ್ನೊಳಗಿನ ಆ ಸಿಟ್ಟನ್ನು ತಣಿಸುವ ಹಕ್ಕು ನನ್ನದಲ್ಲ, ಅವನದೂ ಅಲ್ಲ. ಇರುವಷ್ಟು ದಿನ ಅದನ್ನು ಹಾಗೇ ಕಾದಿಟ್ಟುಕೊಂಡು ಇರುತ್ತೇನೆ.