ಕೇಳಿಸದೆ ಹೇಳಿದ ಬಿ.ಪಿ.

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಕಾಲೇಜಿಗೆ ಸೇರಿದೆ. ಗಂಡನಿಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸವಾಗಿ ನಾವು ನೈರೋಬಿಗೆ ಬಂದು ಆರು ವರ್ಷವಾಗಿತ್ತು. ಮಗಳು ಹೈಸ್ಕೂಲು ಮುಟ್ಟಿದ್ದಳು. ಕಿಲಿಮಾನಿ ಬಡಾವಣೆಯ ಫ್ಲಾಟಿನಲ್ಲಿ ಹಗಲೆಲ್ಲ ನಾನೊಬ್ಬಳೇ. ಇಲ್ಲಿನ ಬಾಡಿಗೆ ವ್ಯಾನು, ಮಟಾಟು, ಹತ್ತಿದರೆ ಅರ್ಧ ಗಂಟೆ ದೂರದ ಸಣ್ಣ ಕಾಲೇಜೊಂದರಲ್ಲಿ ಆರೋಗ್ಯ ವಿಜ್ಞಾನದ ಎರಡು ವರ್ಷದ ಡಿಪ್ಲೊಮಾ ಇದೆಯೆಂದು ತಿಳಿದು ಅರ್ಜಿ ಹಾಕಿದೆ. ಸೀಟು ಸಿಕ್ಕಿತು.

ತರಗತಿಯಲ್ಲಿ ಹೆಚ್ಚಿನವರು ನನ್ನ ಮಗಳಿಗಿಂತ ಮೂರ್ನಾಲ್ಕು ವರ್ಷ ದೊಡ್ಡವರು, ಅಷ್ಟೆ. ಮೊದಲ ದಿನ ಪ್ರಾಕ್ಟಿಕಲ್ ಕಲಿಸುವ ಮೇಡಂ ಎಲ್ಲರ ಓದನ್ನು ವಿಚಾರಿಸಿದರು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದ್ದೇನೆ ಎಂದೆ. ಸಸ್ಯಶಾಸ್ತ್ರ ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. “ಇವರಿಗೆ ಆಗಲೇ ಡಿಗ್ರಿ ಇದೆ. ಅರ್ಥ ಆಗದಿದ್ರೆ ಇವರನ್ನ ಕೇಳಿ,” ಎಂದರು ಮೇಡಂ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ನಾನು ಯಾರನ್ನೂ ಏನನ್ನೂ ಕೇಳುವುದು ಸಾಧ್ಯವಾಗದೇ ಹೋಯಿತು.

ಪ್ರಾಕ್ಟಿಕಲ್‌ಗೆ ನನ್ನ ಜೋಡಿ ಮೂವತ್ತೆರಡು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ. ಲ್ಯಾವಿಂಗ್ಟನ್ ಎಂಬ ಶ್ರೀಮಂತರ ಬಡಾವಣೆಯ ಮನೆಯೊಂದರಲ್ಲಿ ಒಂಬತ್ತು ವರ್ಷ ಬಟ್ಟೆ ಒಗೆದು ನೆಲ ಒರೆಸುತ್ತಲೇ ಓದಿ ಪರೀಕ್ಷೆ ಪಾಸು ಮಾಡಿದ್ದವಳು. ನನ್ನನ್ನು ‘ಮಾಮಾ’ ಎಂದು ಕರೆಯುತ್ತಿದ್ದಳು. ಇಲ್ಲಿ ಅದು ತಾಯಿಗೆ, ವಯಸ್ಸಾದ ಹೆಂಗಸರಿಗೆ ಹೇಳುವ ಮರ್ಯಾದೆಯ ಮಾತು. ನಮ್ಮ ಕಡೆ ಹಾಗೆಂದರೆ ಸೋದರಮಾವ ಎಂದು ಹೇಳಿದಾಗ ಇಬ್ಬರೂ ಬಹಳ ನಕ್ಕಿದ್ದೆವು. ಮಧ್ಯಾಹ್ನ ಊಟದ ಡಬ್ಬಿಗಳನ್ನು ಹಂಚಿಕೊಳ್ಳುತ್ತಿದ್ದೆವು. ಅವಳ ಚಪಾತಿ ನನ್ನದಕ್ಕಿಂತ ಮೆತ್ತಗಿರುತ್ತಿತ್ತು.

ನನಗೆ ಬಿ.ಪಿ. ನೋಡಲು ಬರುತ್ತಿರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮೊಣಕೈ ಮಡಿಕೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಮೆಲ್ಲಗೆ ಗಾಳಿ ಬಿಡುತ್ತ ಹೋದರೆ ಟಕ್ ಟಕ್ ಎಂಬ ಸದ್ದು ಶುರುವಾಗಬೇಕು, ಆಮೇಲೆ ನಿಲ್ಲಬೇಕು. ಆಗ ಮುಳ್ಳು ತೋರಿಸುವ ಎರಡು ಅಂಕಿಗಳೇ ಬಿ.ಪಿ. ನನಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಉಳಿದವರು ಕೇಳಿಸಿತೆಂದು ತಲೆಯಾಡಿಸಿದರು, ನಾನೂ ಆಡಿಸಿದೆ. ತರಗತಿಯ ಗಟ್ಟಿಮುಟ್ಟು ಹುಡುಗ ಹುಡುಗಿಯರ ತೋಳು ಹಿಡಿದು ‘ನೂರಿಪ್ಪತ್ತು, ಎಂಬತ್ತು’ ಎಂದರೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು.

ಎರಡನೆಯ ಟರ್ಮ್‌ನಲ್ಲಿ ನಮ್ಮನ್ನು ತರಬೇತಿಗೆಂದು ಒಂದು ಕ್ಲಿನಿಕ್‌ಗೆ ಕಳಿಸಿದರು. ಅಳೆದವರೇ ಬರೆಯಬೇಕೆಂಬುದು ಅಲ್ಲಿನ ನಿಯಮ. ಆದರೆ ಜನ ಬೇಗ ಮುಂದೆ ಸಾಗಲಿ ಎಂದು ನಾನು ನೋಡಿ ಹೇಳುವುದು, ನನ್ನ ಜೋಡಿಯವಳು ಬರೆಯುವುದು ಎಂದು ನಾನೇ ಗೊತ್ತುಮಾಡಿದೆ. ಒಂದು ಬೆಳಗ್ಗೆ ಹಸಿರು ಸ್ವೆಟರಿನ ಒಬ್ಬ ಅಜ್ಜಿ ಬಂದು ಕೂತರು. ಮೂರು ದಿನದಿಂದ ತಲೆನೋವು ಎಂದರು. ಪಟ್ಟಿ ಕಟ್ಟಿ ಗಾಳಿ ತುಂಬಿ ಬಿಟ್ಟೆ. ಮುಳ್ಳು ಇಳಿಯುತ್ತ ಹೋಯಿತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

“ನೂರಿಪ್ಪತ್ತು, ಎಂಬತ್ತು,” ಎಂದೆ.

ಅವಳು ಪೆನ್ನು ತಡೆದಳು. “ಇನ್ನೊಂದ್ಸಲ ನಾನು ನೋಡ್ಲಾ, ಮಾಮಾ? ತಲೆನೋವು ಅಂತಿದಾರೆ.”

“ನಾನು ನೋಡಿದೀನಲ್ಲ. ಬರಿ.”

ಬರೆದಳು.

ಅರ್ಧ ಗಂಟೆಯಲ್ಲಿ ಅಜ್ಜಿ ಮಾತ್ರೆಯ ಸಾಲಿನಲ್ಲಿ ನಿಂತಲ್ಲೇ ಕುಸಿದರು. ನರ್ಸ್ ಓಡಿಬಂದು ನೋಡಿದರೆ ಬಿ.ಪಿ. ಇನ್ನೂರು ದಾಟಿತ್ತು. ಒಳಗೆ ಮಲಗಿಸಿ ಔಷಧ ಕೊಟ್ಟರು. ಸಂಜೆಯ ಹೊತ್ತಿಗೆ ಬಿ.ಪಿ. ಇಳಿಯಿತು, ಮಗ ಬಂದು ಮನೆಗೆ ಕರೆದುಕೊಂಡು ಹೋದ. ಆದರೆ ಅಜ್ಜಿಯನ್ನು ಮಲಗಿಸಿದ ಕೂಡಲೇ ನರ್ಸ್ ಚೀಟಿ ಹಿಡಿದು ನಮ್ಮ ಮುಂದೆ ನಿಂತರು.

“ಇದು ಯಾರ ಕೈಬರಹ?”

“ನನ್ನದು, ಸಿಸ್ಟರ್,” ಎಂದಳು ಅವಳು. ಒಮ್ಮೆ ನನ್ನ ಕಡೆ ನೋಡಿದಳು. ನಾನು ಮಾತಾಡುವುದಕ್ಕೆ ಬೇಕಾದಷ್ಟು ಹೊತ್ತು ನೋಡಿದಳು. ನಾನು ಪಟ್ಟಿಯನ್ನು ಸುತ್ತಿ ಡಬ್ಬಿಗೆ ಹಾಕುತ್ತಿದ್ದೆ.

ವಿಚಾರಣೆ ಮುಗಿಯುವ ತನಕ ಅವಳು ಕ್ಲಿನಿಕ್‌ಗೆ ಬರುವಂತಿಲ್ಲ ಎಂದಾಯಿತು. ಮೂರು ದಿನ ನಾನೊಬ್ಬಳೇ ಹೋದೆ. ಅಳೆಯುವ ಕೆಲಸ ಬೇಡವೆಂದು ರೋಗಿಗಳ ಕಾರ್ಡು ಜೋಡಿಸುವ ಕೆಲಸ ಕೇಳಿ ಮಾಡಿದೆ.

ಆ ಭಾನುವಾರ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಊಟ. ಮೈಸೂರಿನಿಂದ ಬಂದಿದ್ದ ಅವರ ತಾಯಿ, “ನೀನು ಡಾಕ್ಟರಿಕೆ ಓದ್ತಿದೀಯಂತಲ್ಲಮ್ಮ, ನನ್ನ ಬಿ.ಪಿ. ನೋಡು,” ಎಂದು ಕೈ ಚಾಚಿದರು. ಡಾಕ್ಟರಿಕೆ ಅಲ್ಲ ಎಂದು ನಾನು ತಿದ್ದಲಿಲ್ಲ. ಯಾರೋ ಬಟನ್ ಒತ್ತಿದರೆ ತಾನೇ ಅಳೆಯುವ ಮಿಷನ್ ತಂದುಕೊಟ್ಟರು. ಪರದೆಯ ಮೇಲೆ ಬಂದ ಅಂಕಿಯನ್ನು ಗಂಭೀರವಾಗಿ ಓದಿ ಹೇಳಿದೆ, ಉಪ್ಪು ಕಡಿಮೆ ಮಾಡಿ ಎಂದೆ. “ಒಳ್ಳೇ ಕೈಗುಣ ಕಣಮ್ಮ ನಿಂದು,” ಎಂದು ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಲ್ಲರೂ ನೋಡುತ್ತಿದ್ದರು. ನನಗೆ ಆ ಕೈಯನ್ನು ಕಿತ್ತುಕೊಂಡು ಎದ್ದು ಹೋಗಬೇಕೆನಿಸಿತು.

ವಾಪಸು ಬರುವಾಗ ಟ್ರಾಫಿಕ್‌ನಲ್ಲಿ ಕಾರು ನಿಂತಿತ್ತು. ಹಿಂದಿನ ಸೀಟಿನಿಂದ ಮಗಳು, “ಅಮ್ಮಾ, ಯೂ ವರ್ ಸೋ ಗುಡ್ ವಿತ್ ಹರ್,” ಎಂದಳು. ನಾನು ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಗಂಡ ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. “ಅಜ್ಜಿ ಹುಷಾರಾಗಿದಾರೆ ತಾನೆ?” ಎಂದಷ್ಟೇ ಕೇಳಿದರು. “ಡಸ್ ಯುವರ್ ಪಾರ್ಟ್‌ನರ್ ಹ್ಯಾವ್ ಕಿಡ್ಸ್?” ಎಂದಳು ಮಗಳು. ಇಬ್ಬರಿದ್ದಾರೆ ಎಂದೆ. ಮನೆ ಸೇರುವವರೆಗೆ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸೋಮವಾರ ಮೇಡಂ ಕೋಣೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಸ್ಟೆತಾಸ್ಕೋಪ್ ಕೊಟ್ಟು, “ಹೇಗೆ ಹಾಕ್ಕೋತೀರಿ, ತೋರಿಸಿ,” ಎಂದರು. ಹಾಕಿಕೊಂಡೆ. ಅವರು ಅದನ್ನು ನನ್ನ ಕಿವಿಯಿಂದ ತೆಗೆದು, ಹಿಂದುಮುಂದು ತಿರುಗಿಸಿ ಮತ್ತೆ ಹಾಕಿ ತಮ್ಮ ತೋಳನ್ನೇ ಚಾಚಿದರು. ಗಾಳಿ ಬಿಟ್ಟಾಗ ಟಕ್ ಟಕ್ ಎಂದು ಸ್ಪಷ್ಟವಾಗಿ ಕೇಳಿಸಿತು. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆ ಬಾಗಿರಬೇಕಂತೆ. ನಾನು ಅಷ್ಟು ತಿಂಗಳೂ ಉಲ್ಟಾ ಹಾಕಿಕೊಂಡಿದ್ದೆ. ಒಂದು ಮಾತು ಕೇಳಿದ್ದರೆ ಯಾರಾದರೂ ಹೇಳಿಕೊಡುತ್ತಿದ್ದರು.

ಜೋಡಿಯವಳನ್ನು ಕ್ಲಿನಿಕ್‌ಗೆ ವಾಪಸು ಕರೆಸಿದರು. ನನಗೆ ಆ ಟರ್ಮ್ ಪೂರ್ತಿ ಮತ್ತೆ ಮಾಡಬೇಕೆಂದರು. ಗೇಟಿನ ಹತ್ತಿರ ಅವಳನ್ನು ಕಾದು ನಿಂತು ಕ್ಷಮೆ ಕೇಳಿದೆ. “ನೀನ್ಯಾಕೆ ಅಲ್ಲೇ ಹೇಳ್ಲಿಲ್ಲ?” ಎಂದೂ ಕೇಳಿದೆ, ಅದೂ ಅವಳ ತಪ್ಪೇನೋ ಎಂಬಂತೆ.

“ಹೇಳಿದ್ರೆ ಯಾರು ನಂಬ್ತಿದ್ರು, ಮಾಮಾ? ನಿಮಗೆ ಡಿಗ್ರಿ ಇದೆ. ನಾನು ಮನೆಗೆಲಸದವಳು,” ಎಂದಳು. ಸಿಟ್ಟಿರಲಿಲ್ಲ. “ಅದು ನಿಮಗೂ ಗೊತ್ತಿತ್ತು.”

ಗೊತ್ತಿತ್ತು. ಅಂದು ಪಟ್ಟಿ ಸುತ್ತಿ ಡಬ್ಬಿಗೆ ಹಾಕುವಾಗಲೇ ಗೊತ್ತಿತ್ತು.

ಆಮೇಲೆ ಅವಳು ಬೇರೆಯವರ ಜೊತೆ ಕೂತಳು, ನನಗಿಂತ ಮೊದಲೇ ಪಾಸಾದಳು. ನಾನೂ ಕೊನೆಗೆ ಡಿಪ್ಲೊಮಾ ಪಡೆದೆ. ಈಗ ವಾರಕ್ಕೆ ಮೂರು ದಿನ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ಬಸ್ ಸ್ಟಾಪಿನಲ್ಲಿ ಅವಳು ಸಿಕ್ಕಳು, ಮಕ್ಕಳೂ ಜೊತೆಗಿದ್ದರು. ನನ್ನ ಮಗಳನ್ನು ವಿಚಾರಿಸಿದಳು. “ನಾವಿಬ್ಬರೂ ಒಟ್ಟಿಗೆ ಓದಿದ್ದು,” ಎಂದಷ್ಟೇ ಹೇಳಿ ಮಕ್ಕಳಿಗೆ ಪರಿಚಯ ಮಾಡಿದಳು. ಅವರು ತಲೆ ತಗ್ಗಿಸಿ, ಇಲ್ಲಿ ಹಿರಿಯರಿಗೆಂದೇ ಇರುವ ನಮಸ್ಕಾರ ಹೇಳಿದರು. ನಾನು ಮರುನಮಸ್ಕಾರ ಹೇಳಿ ಅವರ ತರಗತಿ ಯಾವುದೆಂದು ಕೇಳುತ್ತಿರುವಾಗಲೇ ಅವರ ಮಟಾಟು ಬಂತು.