ಚಿಕ್ಕಮ್ಮನ ಎರಡು ಉತ್ತರ

ಪೂರ್ವವೋ, ಪಶ್ಚಿಮವೋ? ಮಗುವಿನ ಬಾಯಿಗೆ ಚಮಚ ಹಿಡಿದಾಗಲೂ ಅವಳ ತಲೆಯಲ್ಲಿ ಅದೇ ಹುಳ. ನಿನ್ನೆ ಚಿಕ್ಕಮ್ಮನ ಹೊಸ ಡಿಜಿಟಲ್ ವಾಚಿನಲ್ಲಿ ದಿಕ್ಸೂಚಿ ಹೊಂದಿಸಿಕೊಟ್ಟವಳು ಇವಳೇ. ಹನ್ನೆರಡು ಡಿಗ್ರಿ ಒತ್ತಿದ್ದು ನೆನಪಿದೆ. ಅದರ ಪಕ್ಕದ ದಿಕ್ಕಿನ ಅಕ್ಷರ ಒತ್ತುವಾಗ ಮಗು ಅತ್ತಿತ್ತು.

ಚಿಕ್ಕಮ್ಮ ಸರ್ವೆ ಕೆಲಸದವಳು. ಮೂವತ್ತೊಂದು ವರ್ಷ ಕುರುಚಲು ಕಾಡಿನಲ್ಲಿ ಗಡಿಕಲ್ಲು ಹುಡುಕಿ ಮೊಣಕಾಲು ಸವೆಸಿಕೊಂಡವಳು. ಮದುವೆಯ ಮಾತೆತ್ತಿದವರಿಗೆ "ನನ್ನ ಅಳತೆಗೆ ಯಾರೂ ಸಿಗಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಿನ್ನೆ ಅಡುಗೆಮನೆಯ ಮೇಜಿನೆದುರು ಕೂತು ಹೇಳಿದ್ದಳು: "ಭೂಮಿಗೆ ಎರಡು ಉತ್ತರ ಕಣೇ. ಒಂದು ನಿಜವಾದ್ದು, ಅದು ಅಲ್ಲಾಡಲ್ಲ. ಇನ್ನೊಂದು ಸೂಜಿ ತೋರಿಸೋದು, ಅದು ವರ್ಷಾ ವರ್ಷಾ ಸರೀತಾ ಇರುತ್ತೆ. ಈಗ ನಮ್ಮಲ್ಲಿ ಹನ್ನೆರಡು ಡಿಗ್ರಿ ಪಶ್ಚಿಮಕ್ಕೆ ವಾಲಿದೆ. ಅಷ್ಟನ್ನ ವಾಚಿಗೆ ಹೇಳಿಕೊಡಬೇಕು."

"ಶಾಲೇಲಿ ಒಂದು ಪ್ರಶ್ನೆಗೆ ಒಂದೇ ಉತ್ತರ ಅಂತಿದ್ರು."

"ಅದಕ್ಕೇ ನಿನಗೆ ಎಲ್ಲಕ್ಕೂ ಗಾಬರಿ."

ಇವಳ ಮೈ ಜುಮ್ಮೆಂದಿತ್ತು. ಕಾಲಡಿಯಲ್ಲಿ ಸಾವಿರಾರು ಮೈಲಿ ಆಳಕ್ಕೆ ಕರಗಿದ ಕಬ್ಬಿಣ ಹೊರಳುತ್ತದಂತೆ. ಆ ಹೊರಳಾಟ ಈ ಮೇಜಿನವರೆಗೂ ಬಂದು, ಬಿಲ್ಲೆಯಷ್ಟು ಗಾಜಿನೊಳಗಿನ ಗೆರೆಯನ್ನು ನಡುಗಿಸುತ್ತದಲ್ಲ.

ಈಗ ಅದೇ ಬೆರಗು ಭಯವಾಗಿತ್ತು. ಮಗು ವಾಚಿನ ಪಟ್ಟಿ ಕಚ್ಚುತ್ತಿದ್ದ ಫೋಟೊವನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿದಳು. ಹನ್ನೆರಡು, ಪಕ್ಕದಲ್ಲಿ ಪೂರ್ವದ ಅಕ್ಷರ. ಸೂಜಿಯ ತಪ್ಪು ತಿದ್ದಿಹೋಗುವ ಬದಲು ಇಮ್ಮಡಿಯಾಗಿತ್ತು. ಇಪ್ಪತ್ತನಾಲ್ಕು ಡಿಗ್ರಿ ಎಂದರೆ ಕಿಲೋಮೀಟರಿಗೆ ನಾನೂರು ಮೀಟರ್ ಆಚೆ. ಕಿಟಕಿಯಾಚೆ ಎದುರು ಮನೆಯೂ ಕಾಣದಷ್ಟು ಮಂಜು. ಗುಡ್ಡದ ಹಿಂದೆ, ಪಾಳುಬಿದ್ದ ಕಲ್ಲುಗಣಿಯ ಹೊಂಡದ ಪಕ್ಕ, ಬೆಳಗ್ಗೆಯೇ ಗಡಿಕಲ್ಲು ಹುಡುಕಲು ಹೋದ ಚಿಕ್ಕಮ್ಮ ಒಬ್ಬಳೇ.

ಫೋನ್ ಎತ್ತಿ ಇಟ್ಟಳು. ಬೆಳಗ್ಗೆಯಿಂದ ಎರಡು ಸಲ ಸುಮ್ಮಸುಮ್ಮನೆ ಫೋನ್ ಮಾಡಿ, "ನಾನೇನು ನಿನ್ನ ಎರಡನೇ ಮಗುವೇನೇ?" ಎಂದು ಬೈಸಿಕೊಂಡಾಗಿತ್ತು. ಬೈದರೆ ಬೈಯಲಿ. ಒತ್ತಿಯೇಬಿಟ್ಟಳು.

"ಚಿಕ್ಕಮ್ಮಾ, ನಿಲ್ಲು, ಹೆಜ್ಜೆ ಇಡಬೇಡ. ಉತ್ತರ ತಪ್ಪಿದೆ."

"ಗೊತ್ತು. ಮಂಜು ಇಳಿಯೋ ಮುಂಚೆ ಮೊದಲನೇ ಗಡಿಕಲ್ಲಿನ ಹತ್ತಿರ ನಿಂತು ವಾಚನ್ನ ನೀರಿನ ಟ್ಯಾಂಕಿಗೆ ಹಿಡಿದು ನೋಡಿದೆ. ಮೂವತ್ತೊಂದು ವರ್ಷದಿಂದ ಆ ಟ್ಯಾಂಕು ಅಲ್ಲಿಂದ ನಲವತ್ತು ಡಿಗ್ರಿಯಲ್ಲೇ ಇದೆ. ನಿನ್ನ ವಾಚು ಅರವತ್ತನಾಲ್ಕು ಅಂತು. ತಿದ್ದಿಕೊಂಡೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಇವತ್ತಿಡೀ ಮಗುಗೆ ಊಟ ಹಾಕ್ತಿದ್ಯಾ ನೀನು? ಸುಮ್ಮನೆ ಕೇಳಿಸ್ಕೊ."

ಅವಳು ಫೋನನ್ನು ಕಿವಿಗೊತ್ತಿಕೊಂಡಳು. ಏನೂ ಕಾಣದ ಆ ಬಿಳುಪಿನೊಳಗೆ ಚಿಕ್ಕಮ್ಮನ ಬೂಟು ಜಲ್ಲಿಯ ಮೇಲೆ ಒಂದೇ ಸಮನೆ ಸಪ್ಪಳ ಮಾಡುತ್ತ ನೇರವಾಗಿ ನಡೆಯುತ್ತಿತ್ತು.