ಅಳತೆ ಪುಸ್ತಕದ ಕೊನೆಯ ಹಾಳೆ

ಉಯಿಲು, ಪತ್ರ ಎಲ್ಲ ಬಂಗಲೆ ಇದ್ದವರ ತಲೆನೋವು ಎಂದು ನಮ್ಮ ಬೀದಿಯವರೆಲ್ಲ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ, ದಡ್ಡಿ. ನಮ್ಮ ಕಾಜಾಳ ಕಥೆ ಕೇಳಿ, ಆಮೇಲೆ ಹೇಳಿ.

ಅವಳು ದರ್ಜಿ. ಹತ್ತಡಿ ಅಗಲದ ಅಂಗಡಿ, ಎರಡು ಹೊಲಿಗೆ ಯಂತ್ರ, ಹಿಂದೆ ಒಂದು ಕೋಣೆ, ಎಲ್ಲ ಅವಳದೇ ದುಡಿಮೆ. ಬಟ್ಟೆ ಹರಿದರೂ ಗುಂಡಿ ಸಿಕ್ಕಿಸಲು ಅವಳು ಹಾಕಿದ ಕಾಜಾ ಬಿಚ್ಚುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಬಾಯಿ ಮಾತ್ರ ಕತ್ತರಿ. ನನ್ನ ಸೊಂಟ ಅಳೆಯುವಾಗಲೆಲ್ಲ, "ಇರಿ ಅಕ್ಕಾ, ಇನ್ನೊಂದು ಟೇಪು ತರ್ತೀನಿ" ಅನ್ನುತ್ತಿದ್ದಳು. ಆಗ ನಾನು ಅಷ್ಟೇನೂ ದಪ್ಪ ಇರಲಿಲ್ಲ, ಅದಿರಲಿ.

ಮದುವೆಯಾಗಲಿಲ್ಲ. ಒಡಹುಟ್ಟಿದ ಅಕ್ಕ ತೀರಿಕೊಂಡಾಗ ಅವಳ ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದು ಸಾಕಿದಳು. ದತ್ತುಪತ್ರ ಮಾಡಿಸು ಎಂದರೆ, "ನನ್ನ ಕೂಸಿಗೆ ನಾನು ರಸೀದಿ ತಗೋಬೇಕಾ?" ಎಂದು ನನ್ನನ್ನೇ ಗದರಿದಳು. ತಮ್ಮನೊಬ್ಬನಿದ್ದ. ಹದಿನೆಂಟು ವರ್ಷ ಈ ಕಡೆ ತಲೆ ಹಾಕಿ ಮಲಗಿರಲಿಲ್ಲ.

ಆದರೂ ಅವಳು ಬರೆದಿಟ್ಟಿದ್ದಳು. ಎಲ್ಲಿ? ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ! 'ಅಂಗಡಿ, ಯಂತ್ರ, ಕೋಣೆ ಹುಡುಗಿಗೆ' ಎಂದು ಒಂದೇ ಸಾಲು. ಸಹಿಯಿಲ್ಲ, ಸಾಕ್ಷಿಯಿಲ್ಲ. "ಈ ಪುಸ್ತಕದಲ್ಲಿ ಬರೆದಿದ್ದನ್ನ ಇವತ್ತಿನವರೆಗೂ ಯಾರೂ ಇಲ್ಲ ಅಂದಿಲ್ಲ ಅಕ್ಕಾ" ಎಂದಳು. ನಾನೂ ತಲೆಯಾಡಿಸಿದೆ.

ಒಂದು ಬೆಳಗ್ಗೆ ಕತ್ತರಿ ಹಿಡಿದಂತೆಯೇ ಕುಸಿದಳು. ಲಕ್ವ ಹೊಡೆದು ಬಲಗೈ ಬಿತ್ತು, ಮಾತು ನಿಂತಿತು. ಆಸ್ಪತ್ರೆಯ ಕೌಂಟರಿನಲ್ಲಿ ಕೂತವನು ಆಪರೇಷನ್ನಿನ ಒಪ್ಪಿಗೆ ಪತ್ರ ಹಿಡಿದು ಹುಡುಗಿಯನ್ನು ಕೇಳಿದ, "ಪೇಷೆಂಟಿಗೆ ನೀವೇನಾಗ್ಬೇಕು?"

"ಮಗಳು."

"ದಾಖಲೆ ಕೊಡಿ."

ಇಪ್ಪತ್ತೊಂದು ವರ್ಷದ ಹುಡುಗಿ, ಬರಿಗೈಯಲ್ಲಿ ನಿಂತಳು. ತಮ್ಮ ಬಂದು ಸಹಿ ಹಾಕುವವರೆಗೆ ಎರಡು ದಿನ ಆಪರೇಷನ್ ನಿಂತಿತು. ಎರಡು ದಿನ! ಅವನೋ, ಅಕ್ಕನ ಮುಖ ನೋಡುವ ಮೊದಲೇ, "ಅಂಗಡಿ ಕೀಲಿ ಎಲ್ಲಿ?" ಎಂದ. ಹುಡುಗಿ ಅಳತೆ ಪುಸ್ತಕ ತೋರಿಸಿದರೆ ನಕ್ಕ. "ಇದು ಪೈಜಾಮದ ಲೆಕ್ಕ ಕಣಮ್ಮಾ."

ನನ್ನ ಮೈಯೆಲ್ಲ ಉರಿದುಹೋಯಿತು. ಸೀದಾ ವಕೀಲಮ್ಮನ ಹತ್ತಿರ ಹೋದೆ. ಆಕೆ, "ಅಜ್ಜಿ, ಅವ್ರಿಗೆ ಅರ್ಥ ಆಗ್ತಿದ್ರೆ ಈಗ್ಲೂ ಉಯಿಲು ಮಾಡಿಸ್ಬೋದು. ಡಾಕ್ಟರು ನೋಡಿ ಬರ್ಕೊಡ್ಬೇಕು. ಸಾಕ್ಷಿ ಇಬ್ರು ಬೇಕು, ಆಸ್ತಿ ಪಡೆಯೋ ಹುಡುಗಿ ಆಗಲ್ಲ" ಎಂದರು. ಉಯಿಲಿನ ಜೊತೆಗೆ ಇನ್ನೊಂದು ಪತ್ರವನ್ನೂ ಸಿದ್ಧ ಮಾಡಿದರು: ಮುಂದೆ ಆಸ್ಪತ್ರೆಯಲ್ಲಿ ಕಾಜಾಳ ಪರವಾಗಿ ಹುಡುಗಿಯೇ ನಿರ್ಧರಿಸಬೇಕು ಎಂದು.

ಆಪರೇಷನ್ ಆದ ಮರುವಾರ ಎಲ್ಲರೂ ಆಸ್ಪತ್ರೆಯಲ್ಲಿ ಅವಳ ಮಂಚದ ಸುತ್ತ ನಿಂತೆವು. ತಮ್ಮ ಡಾಕ್ಟರ ಕಿವಿಯಲ್ಲಿ, "ಅವಳಿಗೆ ತಲೆ ಓಡಲ್ಲ ಸಾರ್, ಇವ್ರು ಹೇಳಿದ್ದಕ್ಕೆಲ್ಲ ಹೂಂ ಅಂತಾಳೆ" ಎಂದ. ಕಾಜಾಳ ಕಣ್ಣು ಡಾಕ್ಟರ ಬಿಳಿ ಕೋಟಿನ ಮೇಲಿತ್ತು. ಎಡಗೈ ನಿಧಾನಕ್ಕೆ ಚಾಚಿ ಕೋಟು ಹಿಡಿದೆಳೆದಳು. ಒಂದು ಗುಂಡಿ ತಪ್ಪಿ ಪಕ್ಕದ ಕಾಜಾಕ್ಕೆ ಸೇರಿತ್ತು. ಒಂದೇ ಕೈಯಲ್ಲಿ ಬಿಚ್ಚಿ, ಸರಿಯಾದ ಜಾಗಕ್ಕೆ ಹಾಕಿ, ತಮ್ಮನ ಕಡೆ ನೋಡಿದಳು. ಏನು ನೋಟ ಅದು!

ಡಾಕ್ಟರು ಕೆಮ್ಮಿದರು. ತಮ್ಮನನ್ನು ಹೊರಗೆ ಕಳಿಸಿ, ಅಂಗಡಿ ಯಾರಿಗೆ, ತಮ್ಮನಿಗೋ, ಹುಡುಗಿಗೋ ಎಂದು ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದರು. ಪ್ರತಿ ಸಲವೂ ಅವಳ ಬೆರಳು ಹುಡುಗಿಯ ಕಡೆಗೇ ಹೋಯಿತು. ಡಾಕ್ಟರು ಬರೆದುಕೊಟ್ಟರು, ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು. ನಾನು ಮತ್ತು ವಕೀಲಮ್ಮನ ಗುಮಾಸ್ತ ಅಲ್ಲೇ ಸಹಿ ಹಾಕಿದೆವು.

ಅವಳು ನಾಲ್ಕು ತಿಂಗಳು ಬದುಕಿದಳು. ಆಮೇಲೆ ಆ ಮಹಾನುಭಾವ ಬೀಗ ಹಿಡಿದುಕೊಂಡೇ ಬಂದ. ಹುಡುಗಿ ಉಯಿಲಿನ ಪ್ರತಿಯನ್ನು ಅವನ ಕೈಗೆ ಕೊಟ್ಟು, "ಓದ್ಕೊಳ್ಳಿ ಮಾವ. ನಂಗೆ ಹೊಲಿಗೆ ಇದೆ" ಎಂದು ಯಂತ್ರದ ಮುಂದೆ ಕೂತಳು. ಎರಡು ಸಲ ಓದಿದ. ಬೀಗ ಜೇಬಿಗೆ ಹಾಕಿಕೊಂಡು ಹೋದ.

ಅಂಗಡಿ ಉಳಿಯಿತು, ಸರಿ. ನನ್ನ ಸಿಟ್ಟು ಇಳಿದಿಲ್ಲ. ಆ ಎರಡು ದಿನ ಕಾಯದಿದ್ದರೆ ಬಲಗೈ ಉಳಿಯುತ್ತಿತ್ತೋ ಏನೋ. ಡಾಕ್ಟರನ್ನು ಕೇಳಿದೆ. ಅವರು ಕೋಟಿನ ಗುಂಡಿ ಮುಟ್ಟಿಕೊಂಡು ಮುಂದಿನ ಮಂಚಕ್ಕೆ ಹೋದರು.